ಕುಂಪಾರೆಗೆ ಹೇಳಿದ್ದೇನೆ

ನನ್ನ ತಮ್ಮ ಡೆಲ್ಫಿನನ ಬೆನ್ನಿಗೆ ಪೆಟ್ಟು ಬಿದ್ದದ್ದು ದೂರದ ಯಾವುದೋ ಸಮುದ್ರದಲ್ಲಿ. ಆದರೆ ಅವನು ಹಾಳಾದದ್ದು ನಮ್ಮ ಅಂಗಳದಲ್ಲೇ, ಹಂದಿ ಸುಡುತ್ತಿದ್ದ ಕೆಂಡದ ಪಕ್ಕ, ಇಡೀ ಕೇರಿ ಬಿಯರ್ ಕುಡಿಯುತ್ತ ಕೂತಿದ್ದಾಗ. ಹೀಗಂದರೆ ಕೇರಿಯವರಿಗೆ ಸಿಟ್ಟು ಬರುತ್ತದೆ. ಬರಲಿ. ಅವತ್ತು ತಿಂದು ಕೈ ತೊಳೆದು ಹೋದವರಲ್ಲಿ ಒಬ್ಬರಾದರೂ ಆಮೇಲೆ ಅವನ ಹಾಸಿಗೆ ಬಟ್ಟೆ ಒಗೆಯಲು ಬರಲಿಲ್ಲ.

ಸಮುದ್ರದಂಚಿನ ನಮ್ಮ ಊರು ಓತೊನ್‌ನಲ್ಲಿ ಹಡಗಿನವನು ಮನೆಗೆ ಬಂದ ದಿನ ಹಂದಿ ಬೀಳಲೇಬೇಕು. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ದುಡಿದು ಬಂದವನು ದಣಿದಿದ್ದೇನೆ ಅಂತ ಮಲಗಿಬಿಟ್ಟರೆ ಸಂಜೆಯೊಳಗೆ ಸುದ್ದಿ ಹಬ್ಬುತ್ತದೆ: ಇವನ ಕೆಲಸ ಹೋಯಿತು, ಇಲ್ಲವೇ ಯಾವುದೋ ಬಂದರಿನಲ್ಲಿ ರೋಗ ಹತ್ತಿಸಿಕೊಂಡು ಬಂದ. ಹಾಗಾಗಿ ಡೆಲ್ಫಿನ್ ವಿಮಾನ ಇಳಿದು ಬಂದವನೇ ಅಂಗಿ ಬದಲಾಯಿಸಿ ಅಂಗಳದಲ್ಲಿ ನಿಂತ. ನಕ್ಕ, ಹಾಡಿದ, ಎಲ್ಲರ ಕೈಗೂ ಚಾಕಲೇಟು, ಸೋಪು ಕೊಟ್ಟ. ಡೆಕ್ಕಿನ ಆಳುಗಳ ಮೇಸ್ತ್ರಿ ಅವನು, ಬೋಸನ್. ಅಕ್ಕಿಮೂಟೆ ಹೆಗಲ ಮೇಲೆ ಹಾಕಿಕೊಂಡು ಓಡುತ್ತಿದ್ದ ಆಳು. ಅವತ್ತು ಮಾತ್ರ ತನ್ನ ಚೀಲವನ್ನು ಟ್ರೈಸಿಕಲ್ಲಿನವನ ಕೈಯಲ್ಲಿ ಒಳಗಿಡಿಸಿದ. ಅದು ನನ್ನ ಕಣ್ಣು ತಪ್ಪಲಿಲ್ಲ.

ಅಡುಗೆಮನೆಯಲ್ಲಿ ಅವನನ್ನು ಹಿಡಿದೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಮಾತ್ರೆ.

"ಏನೋ ಅದು?"

"ಏನಿಲ್ಲ ಅಕ್ಕ. ಗ್ಯಾಸು."

"ಗ್ಯಾಸಿಗೆ ಸೊಂಟ ಹಿಡ್ಕೊಂಡು ಮಾತ್ರೆ ನುಂಗ್ತಾರೇನೋ? ಯಾರ ಕಿವಿ ಮೇಲೆ ಹೂ ಇಡೋಕೆ ಬಂದಿದ್ದೀಯ?"

ಆಗ ಬಾಯಿ ಬಿಟ್ಟ. ಹಡಗನ್ನು ದಡಕ್ಕೆ ಕಟ್ಟುವಾಗ ತೋಳು ದಪ್ಪದ ಹಗ್ಗ ಜಗ್ಗಿತಂತೆ, ಗ್ರೀಸು ಚೆಲ್ಲಿದ್ದ ಡೆಕ್ಕಿನಲ್ಲಿ ಜಾರಿ ಕಬ್ಬಿಣದ ಗೂಟಕ್ಕೆ ಬೆನ್ನು ಹೊಡೆಯಿತಂತೆ. ಕ್ಯಾಪ್ಟನ್ ಹಡಗಿನ ದಾಖಲೆಯಲ್ಲಿ ಬರೆಯಲು ಹೊರಟಾಗ ಇವನೇ ಕೈ ಮುಗಿದು ಬೇಡ ಅಂದನಂತೆ. ಕರಾರು ಮುಗಿಯಲು ಸ್ವಲ್ಪವೇ ದಿನ ಉಳಿದಿತ್ತು. ಬರೆಸಿಕೊಂಡರೆ ಹೆಸರಿನ ಮುಂದೆ "ಅನ್‌ಫಿಟ್" ಬೀಳುತ್ತದೆ, ಮುಂದೆ ಯಾರೂ ಹತ್ತಿಸಿಕೊಳ್ಳುವುದಿಲ್ಲ. ಕ್ಯಾಪ್ಟನ್‌ಗೂ ತಲೆನೋವು ತಪ್ಪಿತು, ನೋವಿನ ಮಾತ್ರೆಯ ಡಬ್ಬ ಕೊಟ್ಟು ಕೈ ತೊಳೆದುಕೊಂಡ.

"ನಾಳೆನೇ ವಾಪಸ್ ಮನಿಲಾಗೆ ಹೋಗು. ಕಂಪನಿ ಡಾಕ್ಟರ ಮುಂದೆ ನಿಲ್ಲು," ಅಂದೆ.

"ನಾಳೆ ನೋಡೋಣ ಅಕ್ಕ. ಜನ ಕಾಯ್ತಿದ್ದಾರೆ," ಅಂತ ಹೊರಗೆ ಹೋಗಿ ಮತ್ತೊಂದು ಹಾಡು ಹಾಡಿದ, ಮಾರಾಯ.

ನನಗೆ ಕಾನೂನು ಓದಿ ಗೊತ್ತಿಲ್ಲ. ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಊಟದ ಅಂಗಡಿ, ತೊಗರಿಕಾಳು ಹಂದಿಮಾಂಸ ಎಳೆ ಹಲಸು ಹಾಕಿದ ಸಾರಿಗೆ ಹೆಸರುವಾಸಿ. ಅಲ್ಲಿ ಉಣ್ಣಲು ಬರುವ ಹಡಗಿನವರ ಹೆಂಡಂದಿರ ಬಾಯಲ್ಲಿ ಈ ಮಾತು ಇದ್ದೇ ಇರುತ್ತದೆ. ಊರಿಗೆ ಬಂದ ಮೂರು ಕೆಲಸದ ದಿನದೊಳಗೆ ಕಂಪನಿಗೆ ಹೋಗಿ, ಇಂಥದ್ದು ಆಗಿದೆ, ನೋಡಿ ಅಂತ ಅವರ ಡಾಕ್ಟರಿಗೆ ಮೈ ತೋರಿಸಬೇಕು. ತೋರಿಸದಿದ್ದರೆ ಕಾಲೇ ಹೋಗಿರಲಿ, ಕಣ್ಣೇ ಹೋಗಿರಲಿ, ಪರಿಹಾರದ ಮಾತು ಎತ್ತುವಂತಿಲ್ಲ. ಹಡಗಿನ ಅಡುಗೆಯವನಿಗೂ ಗೊತ್ತಿರುವ ಕಾನೂನು ಇದು, ಡೆಲ್ಫಿನನಿಗೂ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವನಿಗೆ ಮಂಚದಿಂದ ಏಳಲು ಆಗಲಿಲ್ಲ. ಮಗ್ಗುಲು ಬದಲಿಸಿದರೆ ಚೀರುತ್ತಿದ್ದ. ನಾನು ವಕೀಲರ ಹತ್ತಿರ ಹೊರಟೆ. ಇಲೊಯ್ಲೊ ಪೇಟೆಯಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅಟಾರ್ನಿ ಗುಂಬಾನ್ ಅಂತ ಒಬ್ಬಾಕೆ ಇದ್ದಾಳೆ, ಹಡಗಿನವರ ಕೇಸು ನಡೆಸುವವಳು. ಚಪ್ಪಲಿ ಮೆಟ್ಟುತ್ತಿದ್ದವಳನ್ನು ಡೆಲ್ಫಿನ್ ಕೂಗಿದ.

"ಅಕ್ಕ, ನಿನ್ನ ದಮ್ಮಯ್ಯ! ಲಾಯರ್ ಮೆಟ್ಲು ಹತ್ತಿದೆ ಅಂತ ಗೊತ್ತಾದ್ರೆ ಸಾಕು, ಕಂಪನಿಯೋರು ನನ್ನ ಹೆಸರು ಹೊಡೆದು ಹಾಕ್ತಾರೆ. ಇನ್ನು ಲಾಯರ್ ಬೇರೆ, ಬಂದಿದ್ರಲ್ಲಿ ಅರ್ಧ ಅವರೇ ನುಂಗ್ತಾರೆ. ಕುಂಪಾರೆಗೆ ಹೇಳ್ತೀನಿ. ಅವನೇ ಆಫೀಸು, ಅವನಿಗೆ ಹೇಳಿದ್ರೆ ಕಂಪನಿಗೆ ಹೇಳಿದ ಹಾಗೆ."

ಕುಂಪಾರೆ ಅಂದರೆ ದಾದೋ. ಮನಿಲಾದಲ್ಲಿ ಅದೇ ಕಂಪನಿಯ ಆಫೀಸಿನಲ್ಲಿ ಯಾರನ್ನು ಯಾವ ಹಡಗಿಗೆ ಹತ್ತಿಸಬೇಕು ಎಂದು ನೋಡಿಕೊಳ್ಳುವವನು. ಡೆಲ್ಫಿನನ ಮಗಳು ರೆನಾಲಿನ್‌ಗೆ ಇಗರ್ಜಿಯಲ್ಲಿ ಜ್ಞಾನಸ್ನಾನ ಆದಾಗ ಅವಳ ಧರ್ಮತಂದೆಯಾಗಿ ಮೇಣದ ಬತ್ತಿ ಹಿಡಿದು ನಿಂತವನು. ಮಗುವಿನ ತಲೆ ಮೇಲೆ ನೀರು ಬಿದ್ದ ಆ ಗಳಿಗೆಯಿಂದ ಇಬ್ಬರೂ ಒಬ್ಬರಿಗೊಬ್ಬರು ಕುಂಪಾರೆ, ಬಾಯಿಮಾತಿಗೆ ಪಾರೆ. ನಮ್ಮಲ್ಲಿ ಒಡಹುಟ್ಟಿದವರ ಮಾತು ಮೀರಬಹುದು, ಕುಂಪಾರೆಯ ಮಾತು ಮೀರುವುದಿಲ್ಲ. ಅವನ ಮೇಲೆ ಅನುಮಾನ ಪಟ್ಟರೆ ದೇವರ ಮೇಲೇ ಅನುಮಾನ ಪಟ್ಟಂತೆ ನೋಡುತ್ತಾರೆ.

ಡೆಲ್ಫಿನ್ ಮಲಗಿದಲ್ಲಿಂದಲೇ ಫೋನು ಮಾಡಿದ. ನನಗೆ ಕೇಳಿಸಿದ್ದು ಈ ಕಡೆಯ ಮಾತಷ್ಟೇ. "ಹೌದು ಪಾರೆ... ಏಳೋಕೇ ಆಗ್ತಿಲ್ಲ... ಹಾಗಂತೀಯಾ?... ಸರಿ ಬಿಡು, ನೀನಿದ್ದೀಯಲ್ಲ." ಫೋನಿಟ್ಟಾಗ ಅವನ ಮುಖದ ಮೇಲೆ ಕಳೆ ಬಂದಿತ್ತು.

"ಬರೋದೇ ಬೇಡ ಅಂದ ಅಕ್ಕ. ಡಾಕ್ಟರ್ ನೋಡಿದ್ರೆ ಅನ್‌ಫಿಟ್ ಬರೆದೇ ಬಿಡ್ತಾರಂತೆ. ಮನೇಲಿ ರೆಸ್ಟ್ ತಗೋ, ನಾಟಿ ವೈದ್ಯನ ಹತ್ರ ತಿಕ್ಕಿಸ್ಕೋ, ನೀನು ಹೇಳಿದ್ದೀಯ ಅಂತ ಇಲ್ಲಿ ನಾನು ಬರ್ಕೋತೀನಿ ಅಂದ."

"ಅವನು ಬರ್ಕೊಂಡಿದ್ದನ್ನ ನೀನು ನೋಡಿದ್ದೀಯಾ?"

"ಅಕ್ಕ! ಅವನು ನನ್ನ ಕುಂಪಾರೆ!"

ನಾನು ಚಪ್ಪಲಿ ಬಿಟ್ಟು ಒಲೆಯ ಮುಂದೆ ಹೋದೆ. ಸಿಟ್ಟಿಗೆ ಅವತ್ತಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ನಾಟಿ ವೈದ್ಯ ಬಂದ, ಶುಂಠಿ ಎಣ್ಣೆ ಹಾಕಿ ತಿಕ್ಕಿದ. ವಾರ ವಾರವೂ ಬಂದು ತಿಕ್ಕಿದ. ಮೊದಲು ಎಡಗಾಲು ಜೋಮು ಹಿಡಿಯಿತು, ಆಮೇಲೆ ಬಲಗಾಲೂ ಹಿಡಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ತಮ್ಮನಿಗೆ ಉಚ್ಚೆ ಬಂದದ್ದೇ ತಿಳಿಯುತ್ತಿರಲಿಲ್ಲ. ಪೇಟೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ನೋಡಿ, "ಇಷ್ಟು ದಿನ ಎಲ್ಲಿದ್ರಿ?" ಅಂದರು. ಬೆನ್ನುಮೂಳೆ ನರವನ್ನು ಒತ್ತಿ ಹಿಡಿದಿದೆ, ಆಪರೇಷನ್ ಆಗಲೇಬೇಕು, ತಡವಾದಷ್ಟೂ ಕಾಲು ಕೈಬಿಟ್ಟ ಹಾಗೆ ಅಂದರು. ಅವರು ಹೇಳಿದ ಮೊತ್ತ ನಮ್ಮ ಮನೆ, ಅಂಗಡಿ, ನನ್ನ ಕಿವಿಯ ಓಲೆ ಎಲ್ಲ ಮಾರಿದರೂ ಹುಟ್ಟುವಂಥದ್ದಲ್ಲ. ಕಂಪನಿಯ ಪರಿಹಾರ ಬಂದರೆ ಡೆಲ್ಫಿನ್ ನಡೆಯುತ್ತಾನೆ, ಇಲ್ಲದಿದ್ದರೆ ಇಲ್ಲ. ವಿಷಯ ಅಷ್ಟೇ ಆಗಿತ್ತು.

ಕಂಪನಿಗೆ ಕೇಳಿದ್ದಕ್ಕೆ ಎರಡು ಸಾಲಿನ ಉತ್ತರ ಬಂತು. ಬಂದ ಮೂರು ದಿನದೊಳಗೆ ಹಾಜರಾಗಿಲ್ಲ, ಹಾಗಾಗಿ ಹಕ್ಕಿಲ್ಲ. ದಾದೋ ಬರೆದುಕೊಂಡಿರಲಿಲ್ಲ. ನಾನು ಫೋನು ಮಾಡಿದರೆ ಎತ್ತಲೂ ಇಲ್ಲ. ಥೂ ಅವನ ಮುಖಕ್ಕೆ!

ಈ ಸುದ್ದಿ ಎಲ್ಲಿಂದ ಹೊರಗೆ ಹೋಯಿತೋ, ನಾಲ್ಕು ದಿನದಲ್ಲಿ ಮಿರಿಮಿರಿ ಶೂ ಹಾಕಿಕೊಂಡವನೊಬ್ಬ ಅಂಗಡಿಗೆ ಬಂದ. ಎರಡು ಪ್ಲೇಟು ಉಂಡು, ಆಮೇಲೆ ಚೀಲದಿಂದ ಕಾಗದ ತೆಗೆದ. ಮನಿಲಾದ ದೊಡ್ಡ ವಕೀಲರ ಕಡೆಯವನಂತೆ. ಈಗಲೇ ಕೈಗೆ ದುಡ್ಡು ಕೊಡುತ್ತಾನಂತೆ, ಡೆಲ್ಫಿನ್ ಸಹಿ ಹಾಕಿದರೆ ಸಾಕಂತೆ, ಗೆದ್ದ ಮೇಲೆ ಬಂದದ್ದರಲ್ಲಿ ಅರ್ಧ ಅವರಿಗಂತೆ.

"ಅರ್ಧ ಯಾಕೆ? ಬೆನ್ನಲ್ಲಿ ಅರ್ಧ ನಿಂದೂ ಮುರಿದಿದೆಯೇನಪ್ಪಾ?" ಅಂದೆ.

"ಅಮ್ಮಾ, ಎಲ್ಲ ಕಡೆ ಇದೇ ರೇಟು."

"ಆ ರೇಟು ತಗೊಂಡು ಹೋಗಿ ಸಮುದ್ರಕ್ಕೆ ಹಾಕು. ಎರಡು ಪ್ಲೇಟಿನ ದುಡ್ಡು ಇಟ್ಟು ಹೋಗು," ಅಂತ ಸೌಟು ತೋರಿಸಿದೆ. ಹೋದ. ಇಂಥವನ ಹತ್ತಿರವೇ ಎಷ್ಟೋ ಮನೆಗಳು ಸಹಿ ಹಾಕಿವೆ.

ಮರುದಿನ ಯಾರನ್ನೂ ಕೇಳದೆ ಅಟಾರ್ನಿ ಗುಂಬಾನಳ ಮೆಟ್ಟಿಲು ಹತ್ತಿದೆ. ದಪ್ಪ ಹೆಂಗಸು. ಮೇಜಿನ ಮೇಲೆ ಕಾಗದಕ್ಕಿಂತ ಸಕ್ಕರೆ ಹಚ್ಚಿ ಕರಿದ ಬಾಳೆಹಣ್ಣೇ ಜಾಸ್ತಿ. ನನ್ನ ಕಥೆ ಕೇಳುತ್ತ ಕೇಳುತ್ತ ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಬೆನ್ನು ನೋವು ಅಂತ ಗೊತ್ತಾದ ದಿನವೇ ಯಾಕೆ ಬರಲಿಲ್ಲ ಸಲಿಂಗ್?"

"ಲಾಯರ್ ಅಂದ್ರೆ ಖರ್ಚು ಅಂತ..."

"ಯಾರು ಕೇಳಿದ್ರು ನಿನ್ನ ದುಡ್ಡು? ಮೊದಲ ದಿನ ಬಂದು ಮಾತಾಡಿದ್ರೆ ಕಾಸಿಲ್ಲ. ಕೇಸು ಸೋತ್ರೆ ನನ್ನ ಫೀಸೂ ಇಲ್ಲ. ಗೆದ್ರೆ ಹತ್ತರಲ್ಲಿ ಒಂದು ಪಾಲು, ಅದಕ್ಕಿಂತ ಜಾಸ್ತಿ ಹಡಗಿನವರ ಹತ್ರ ತಗೊಳ್ಳೋ ಹಾಗಿಲ್ಲ ಅಂತ ಕಾನೂನೇ ಇದೆ. ಅರ್ಧ ಕೇಳ್ದೋನಿಗೆ ಚಪ್ಪಲಿ ತೋರಿಸ್ಬೇಕಿತ್ತು."

"ಸೌಟು ತೋರಿಸ್ದೆ."

"ಅದೂ ಆಗುತ್ತೆ." ನಗಲಿಲ್ಲ ಅವಳು. "ಅವತ್ತೇ ನೀನು ಬಂದಿದ್ರೆ ಒಂದು ಚೀಟಿ ಬರೆದು ಕಳಿಸ್ತಿದ್ದೆ: ನಮ್ಮವನಿಗೆ ಏಳೋಕಾಗಲ್ಲ, ನಿಮ್ಮ ಡಾಕ್ಟರನ್ನೇ ಕಳಿಸಿ ಅಂತ. ಅಲ್ಲಿಗೆ ಮುಗೀತಿತ್ತು. ಈಗ ಉಳಿದಿರೋದು ಒಂದೇ ದಾರಿ. ಅವನು ಹೇಳಿದ, ಅವರು ಬರಬೇಡ ಅಂದ್ರು, ಅದನ್ನ ತೋರಿಸ್ಬೇಕು. ಆಗ ತಪ್ಪು ಅವರ ತಲೆಗೆ ಹೋಗುತ್ತೆ. ಫೋನು ಮಾಡಿದ ಗುರುತು ಸಾಲಲ್ಲ, ಕುಂಪಾರೆನ್ನ ಹಬ್ಬದ ಊಟಕ್ಕೆ ಕರೆದಿದ್ದು ಅಂದುಬಿಡ್ತಾರೆ. ನೀನು ಕೇಳಿದ್ದು ಒಂದೇ ಕಡೆ ಮಾತು. ಆ ಕಡೆ ಮಾತು ಕೇಳ್ದೋರು ಯಾರಾದ್ರೂ ಇದ್ದಾರಾ?"

ಇದ್ದಳು. ಡೆಲ್ಫಿನನ ಮಗಳು ರೆನಾಲಿನ್, ನಮ್ಮ ರೆನಾ ಇದ್ದಳು.

ತಾಯಿ ಸತ್ತ ಮೇಲೆ ರೆನಾಳನ್ನು ಬೆಳೆಸಿದವಳು ನಾನು. ಅಪ್ಪನ ಹಾಗೆ ಹಡಗು ಹತ್ತಬೇಕೆಂದು ನಾವಿಕರ ಕಾಲೇಜು ಓದಿದಳು. ಓದು ಮುಗಿದರೂ ಹಡಗಿನಲ್ಲಿ ಒಂದು ವರ್ಷ ಕಳೆಯದೆ ಡಿಗ್ರಿ ಕೈಗೆ ಬರುವುದಿಲ್ಲ. ಆ ಹಡಗು ಸಿಗಬೇಕಾದರೆ ಕಂಪನಿಯ ಆಫೀಸಿನಲ್ಲಿ ಬಿಟ್ಟಿ ಚಾಕರಿ ಮಾಡಬೇಕು. ಕಾಫಿ ಮಾಡು, ನೆಲ ಒರೆಸು, ಸಾಹೇಬರ ಮಕ್ಕಳನ್ನು ಶಾಲೆಗೆ ಬಿಡು, ಸಾಹೇಬರ ಹೆಂಡತಿಯ ನಾಯಿಗೆ ಸ್ನಾನ ಮಾಡಿಸು. ಸಂಬಳವಿಲ್ಲ, ಯಾವಾಗ ಹಡಗು ಎಂಬ ಮಾತೂ ಇಲ್ಲ. ನಮ್ಮ ಮಕ್ಕಳೆಲ್ಲ ಹೀಗೇ ಹತ್ತಿದವರು. ರೆನಾ ಒಂದು ವರ್ಷದಿಂದ ದಾದೋನ ಕೋಣೆಯಲ್ಲೇ ಮೇಜು ಒರೆಸಿಕೊಂಡಿದ್ದಳು. ಅಪ್ಪನ ಫೋನು ಬಂದಾಗ ದಾದೋ ಊಟ ಮಾಡುತ್ತಿದ್ದನಂತೆ, ಕೈ ಎಂಜಲು ಅಂತ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿದ್ದನಂತೆ. ಎರಡೂ ಕಡೆಯ ಮಾತನ್ನು ಅವಳು ನಿಂತು ಕೇಳಿದ್ದಳು, ಆಮೇಲೆ ನನಗೂ ಹೇಳಿದ್ದಳು.

ಅವಳಿಗೆ ಹೇಳಿ ಕಳಿಸಿದೆ. ಮನಿಲಾದಿಂದ ಪ್ರಯಾಣಿಕರ ಹಡಗಿನಲ್ಲಿ ರಾತ್ರಿಯೆಲ್ಲ ಕೂತು ಬಂದಳು. ಅಟಾರ್ನಿಯ ಮುಂದೆ ಒಂದು ಉಸಿರಿಗೆ ಎಲ್ಲ ಹೇಳಿ, ಬರೆದುಕೊಟ್ಟ ಹೇಳಿಕೆಗೆ ಸಹಿ ಹಾಕಲು ಪೆನ್ನು ಎತ್ತಿದಳು.

"ಇಂದೈ, ಮಗಳೇ, ಸಹಿ ಹಾಕೋಕೆ ಮುಂಚೆ ಯೋಚ್ನೆ ಮಾಡು," ಅಂದಳು ಅಟಾರ್ನಿ. "ನಾಳೆಯಿಂದ ಆ ಆಫೀಸಿನಲ್ಲಿ ನಿನಗೆ ನಿಲ್ಲೋಕೆ ಜಾಗ ಇರಲ್ಲ."

"ಅಪ್ಪನಿಗೆ ನಿಲ್ಲೋಕೆ ಕಾಲೇ ಇರಲ್ವಲ್ಲ ಅಟಾರ್ನಿ," ಅಂದು ಸಹಿ ಹಾಕಿದಳು ಹುಡುಗಿ. ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೇನು, ಆ ಮಾತಿಗೆ ಅವಳು ನನ್ನ ಮಗಳೇ.

ಡೆಲ್ಫಿನನ ಹೇಳಿಕೆಯನ್ನೂ ಬರೆಸಿಕೊಂಡರು. ಮಂಚದಲ್ಲೇ ಸಹಿ ಹಾಕಿದ. ಮಗಳ ಸಹಿಯ ವಿಷಯ ಅವನಿಗೆ ಹೇಳಿರಲಿಲ್ಲ. ಗೊತ್ತಾದಾಗ ಅನ್ನದ ತಟ್ಟೆ ಗೋಡೆಗೆ ಬಿತ್ತು.

"ಯಾರನ್ನ ಕೇಳಿ ಮಾಡಿದ್ರಿ? ನನ್ನ ಬೆನ್ನು ಹೋಯ್ತು ಅಂತ ಅವಳ ಬದುಕೂ ಹಾಳು ಮಾಡ್ಬೇಕಾ?"

"ಅವಳೇ ಬಂದಳು ಕಣೋ."

"ಚಿಕ್ಕ ಹುಡ್ಗಿ ಅದು! ನೀನು ಕರೆಸ್ಕೊಂಡೆ!"

ಹೌದು, ಕರೆಸಿಕೊಂಡೆ. ಇನ್ನೊಮ್ಮೆ ಆದರೂ ಕರೆಸಿಕೊಳ್ಳುತ್ತೇನೆ.

ವಿಚಾರಣೆಗೆ ಮುಂಚಿನ ಭಾನುವಾರ ದಾದೋ ಬಂದ. ಇಗರ್ಜಿಯ ಪೂಜೆ ಮುಗಿಸಿಕೊಂಡು ಬಂದವನ ಹಾಗೆ ಇಸ್ತ್ರಿ ಅಂಗಿ, ಕೈಯಲ್ಲಿ ಕೇಕಿನ ಡಬ್ಬ. ಡೆಲ್ಫಿನನ ಮಂಚದ ಅಂಚಿಗೆ ಕೂತು, ಜೀವವಿಲ್ಲದ ಆ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಒತ್ತಿದ. ಅತ್ತ ಕೂಡ. ಅವನ ಕಣ್ಣೀರು ಸುಳ್ಳು ಅಂತ ನಾನು ಹೇಳುವುದಿಲ್ಲ, ನಿಜವಾಗಿಯೇ ಅತ್ತ. ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು.

"ನಾನೂ ಕೆಲಸಗಾರನೇ ಪಾರೆ," ಅಂದ. "ಮೇಲಿನವರು ಹೇಳಿದ ಹಾಗೆ ನಾನು. ಅವತ್ತು ನಿನ್ನ ಒಳ್ಳೇದಕ್ಕೇ ಹೇಳ್ದೆ. ಬೆನ್ನು ಸರಿಹೋಗುತ್ತೆ ಅಂದ್ಕೊಂಡೆ."

ಪಾದ ಒತ್ತುತ್ತಲೇ ದಾದೋ ಮುಂದುವರಿಸಿದ.

"ರೆನಾಳ ಕಾಗದ ನನ್ನ ಮೇಜಿನ ಮೇಲೇ ಇದೆ. ಮುಂದಿನ ತಿಂಗಳು ಸಿಂಗಪುರದಲ್ಲಿ ಒಂದು ಹಡಗು ಹತ್ತೋದಿದೆ. ಒಳ್ಳೇ ಹಡಗು. ಆದ್ರೆ ಕಂಪನಿಯೋರು ಹೆಸರು ನೋಡ್ತಾರೆ. ಅದೇ ಮನೆಯವರ ಕೇಸು ಇದೆ ಅಂದ್ರೆ, ಅದೂ ಅವತ್ತು ಕೋಣೇಲಿದ್ದ ಹುಡುಗಿಯೇ ನಾಳೆ ಸಾಕ್ಷಿ ಹೇಳಿದ್ರೆ... ನಾನು ಏನೂ ಹೇಳ್ತಾ ಇಲ್ಲಪ್ಪ."

"ಏನೂ ಹೇಳ್ತಾ ಇಲ್ಲ ಅಂತ್ಲೇ ಎಲ್ಲಾ ಹೇಳಿಬಿಟ್ಟೆಯಲ್ಲೋ!" ಅಂದೆ ನಾನು. "ಏಳು ಮೇಲೆ. ಆ ಕಾಲು ಕೆಳಗಿಡು. ಅದನ್ನ ಮುಟ್ಟೋಕೆ ನಿನಗೆ ಯೋಗ್ಯತೆ ಇಲ್ಲ."

"ಅಕ್ಕ, ಸುಮ್ನಿರು," ಅಂದ ಡೆಲ್ಫಿನ್. "ಕುಂಪಾರೆಗೆ ಕಾಫಿ ಕೊಡು."

ಕೊಟ್ಟೆ. ದೇವರೇ, ಕೊಟ್ಟೆ. ಸಕ್ಕರೆ ಮಾತ್ರ ಹಾಕಲಿಲ್ಲ.

ವಿಚಾರಣೆಯ ದಿನ ನಾನೂ ಟ್ರೈಸಿಕಲ್ಲಿನವನೂ ಸೇರಿ ಡೆಲ್ಫಿನನನ್ನು ಎತ್ತಿ ಸಣ್ಣ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗೆ ಕೂರಿಸಿದೆವು. ಬೀಳದಿರಲಿ ಎಂದು ನನ್ನ ಶಾಲಿನಿಂದ ಸೊಂಟವನ್ನು ಕುರ್ಚಿಗೆ ಕಟ್ಟಿದೆ. ಮೇಜಿನ ಆಚೆ ಕಾರ್ಮಿಕ ನ್ಯಾಯಾಧಿಕಾರಿ, ತಲೆ ನರೆತ ಸಮಾಧಾನದ ಮನುಷ್ಯ. ಪಕ್ಕದಲ್ಲಿ ಕಂಪನಿಯ ವಕೀಲ, ಮೈತುಂಬ ಅತ್ತರು. ಅವನ ಹಿಂದೆ ದಾದೋ. ರೆನಾ ಹೊರಗೆ ಬೆಂಚಿನ ಮೇಲೆ, ಬಿಳಿ ಅಂಗಿ ಹಾಕಿಕೊಂಡು, ಕರೆಯುವುದನ್ನೇ ಕಾಯುತ್ತ ಕೂತಿದ್ದಳು. ಅವಳ ಹೇಳಿಕೆ ಅಟಾರ್ನಿಯ ಚೀಲದಲ್ಲಿತ್ತು, ಇನ್ನೂ ಮೇಜಿನ ಮೇಲೆ ಬಂದಿರಲಿಲ್ಲ. ಮೊದಲು ಅಪ್ಪ ಬಾಯಿಬಿಟ್ಟು ಹೇಳಲಿ, ಆಮೇಲೆ ಮಗಳನ್ನು ಕರೆಯುತ್ತೇನೆ ಅಂದಿದ್ದಳು ಅಟಾರ್ನಿ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ನೀವು ಊರಿಗೆ ಬಂದ ಮೂರು ದಿನದೊಳಗೆ ಕಂಪನಿಯ ಯಾರಿಗಾದರೂ ಬೆನ್ನಿನ ವಿಷಯ ಹೇಳಿದ್ರಾ?"

ಡೆಲ್ಫಿನ್ ದಾದೋನನ್ನು ನೋಡಿದ. ದಾದೋ ತನ್ನ ಶೂ ನೋಡಿಕೊಂಡ. ಆಮೇಲೆ ಡೆಲ್ಫಿನ್ ಬಾಗಿಲ ಕಡೆ ತಿರುಗಿದ. ಬಾಗಿಲ ಗಾಜಿನಲ್ಲಿ ರೆನಾಳ ಬಿಳಿ ಅಂಗಿಯ ಭುಜ ಕಾಣುತ್ತಿತ್ತು. ಅವನು ಏನು ಮಾಡಲಿದ್ದಾನೆಂದು ನನಗೆ ಆಗಲೇ ಗೊತ್ತಾಯಿತು. "ಬೇಡ ಕಣೋ" ಅಂದೆ. ಮೆಲ್ಲಗೆ ಅವನ ಸೊಂಟದ ಶಾಲು ಜಗ್ಗಿದೆ.

"ಇಲ್ಲ ಸಾರ್. ಯಾರಿಗೂ ಹೇಳ್ಲಿಲ್ಲ."

ಅಟಾರ್ನಿ ಗುಂಬಾನ್ ಎದ್ದೇ ನಿಂತಳು. ಅಧಿಕಾರಿಯೂ ಕಾಗದ ತಿರುವಿದರು. "ನೀವೇ ಸಹಿ ಮಾಡಿದ ಹೇಳಿಕೆಯಲ್ಲಿ ಬೇರೆ ಇದೆಯಲ್ಲಪ್ಪ?"

"ನೋವಲ್ಲಿ ಏನೇನೋ ಹೇಳಿರ್ಬೇಕು ಸಾರ್. ಮನೇಲೇ ಇದ್ದೆ. ಯಾರಿಗೂ ಫೋನೂ ಮಾಡ್ಲಿಲ್ಲ. ನನ್ನ ಮಗಳಿಗೆ ಇದ್ಯಾವುದೂ ಗೊತ್ತಿಲ್ಲ."

ಅವರು ಇನ್ನೊಮ್ಮೆ ಕೇಳಿದರು, ಪಾಪ, ನಿಧಾನವಾಗಿಯೇ ಕೇಳಿದರು. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಅತ್ತರಿನ ವಕೀಲ ಪೆನ್ನಿನ ಮುಚ್ಚಳ ಹಾಕಿದ.

ಹೊರಗೆ ಬಂದ ಮೇಲೆ ಅಟಾರ್ನಿ ಅವನ ಮುಂದೆ ಕಷ್ಟಪಟ್ಟು ಮೊಣಕಾಲೂರಿ ಕೂತಳು. "ಡೆಲ್ಫಿನ್, ಕಂಪನಿಯೋರು ಸುಳ್ಳು ಹೇಳಿದ್ರೆ ನಾನು ಜಗಳ ಆಡಬಲ್ಲೆ. ನನ್ನ ಕಕ್ಷಿದಾರನೇ ಸುಳ್ಳು ಹೇಳಿದ್ರೆ ಏನಪ್ಪ ಮಾಡ್ಲಿ?"

"ಕ್ಷಮಿಸಿ ಅಟಾರ್ನಿ. ನಿಮ್ಮ ಫೀಸು..."

"ಏನೂ ಬರದೇ ಇದ್ದಿದ್ರಲ್ಲಿ ಹತ್ತನೇ ಒಂದು ಎಷ್ಟಾಗುತ್ತೋ ಅಷ್ಟು ಕೊಡು," ಅಂದು ಎದ್ದು, ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ರೆನಾ ಅಪ್ಪನ ಕುರ್ಚಿ ಹಿಡಿದು ಅಲ್ಲಾಡಿಸಿದಳು. "ನಂಗೆ ಹಡಗು ಬೇಡ! ಯಾರು ಕೇಳಿದ್ರು ನಿನ್ನನ್ನ? ನಂಗೆ ಬೇಡ ಹಡಗು!"

"ಹತ್ತದೇ ಇದ್ರೆ ನಾನು ಸುಳ್ಳು ಹೇಳಿದ್ದೂ ದಂಡ, ಕಾಲು ಹೋಗಿದ್ದೂ ದಂಡ," ಅಂದ ಡೆಲ್ಫಿನ್. ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇಂಥ ಮಾತಿನ ಮುಂದೆ ಮಕ್ಕಳು ಏನು ಮಾಡಿಯಾರು? ಹೊರಟಳು.

ದಾದೋ ಆ ಒಂದು ಮಾತು ಉಳಿಸಿಕೊಂಡ. ಮುಂದಿನ ತಿಂಗಳು ರೆನಾ ಸಿಂಗಪುರದಲ್ಲಿ ಹಡಗು ಹತ್ತಿದಳು. ಕೇಸು ವಜಾ ಆಯಿತು. ಆಪರೇಷನ್ ಆಗಲಿಲ್ಲ. ಡೆಲ್ಫಿನನ ಸೊಂಟದಲ್ಲಿ ಹಾಸಿಗೆ ಹುಣ್ಣಾಗಿದೆ, ಬೆಳಿಗ್ಗೆ ಸಂಜೆ ನಾನೇ ತೊಳೆಯುತ್ತೇನೆ. ಎಷ್ಟೋ ಸಲ ತೊಳೆಯುತ್ತ ಅವನನ್ನು ಬೈಯುತ್ತೇನೆ, ಬೈಯುತ್ತ ಅಳುತ್ತೇನೆ. ಅವನು ಮಾತ್ರ ಗೋಡೆಗೆ ಅಂಟಿಸಿದ ಮಗಳ ಫೋಟೋ ನೋಡುತ್ತಿರುತ್ತಾನೆ. ಬಿಳಿ ಸಮವಸ್ತ್ರ, ತಲೆಗೆ ಟೋಪಿ. ಅವನ ಮುಖದಲ್ಲಿ ಸಂತೋಷ ಕಾಣುತ್ತದೆ, ಅದನ್ನು ನೋಡಿದರೆ ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ.

ಇವತ್ತು ಮಧ್ಯಾಹ್ನ ಅವಳ ಫೋನು ಬಂತು. ಅಂಗಡಿಯ ಊಟದ ಹೊತ್ತು ಮುಗಿದಿತ್ತು, ಮನೆಗೆ ಬಂದು ಡೆಲ್ಫಿನನಿಗೆ ಗಂಜಿ ಇಟ್ಟಿದ್ದೆ. ಫೋನಿನಲ್ಲಿ ಅವಳ ಮುಖ ಬಿಸಿಲಿಗೆ ಕಪ್ಪಾಗಿತ್ತು, ಚೆನ್ನಾಗಿತ್ತು. ಊಟ ಒಳ್ಳೆಯದಂತೆ, ಅಡುಗೆಯವನು ನಮ್ಮ ಕಡೆಯವನೇ ಅಂತೆ. ನಗುತ್ತಲೇ ಮಾತಾಡಿದಳು. ಆದರೆ ಕೂದಲು ಕಣ್ಣಿಗೆ ಬಿದ್ದಾಗ ಫೋನನ್ನು ಕೆಳಗಿಟ್ಟು, ಫೋನು ಹಿಡಿದಿದ್ದ ಕೈಯಿಂದಲೇ ಸರಿಮಾಡಿಕೊಂಡಳು. ಎರಡು ಸಲ ಹಾಗೇ ಮಾಡಿದಳು.

"ಎಡಗೈ ತೋರಿಸು," ಅಂದೆ.

"ಯಾಕತ್ತೆ? ಏನಿಲ್ಲ."

ಅದೇ ಮಾತು, ಅವಳಪ್ಪ ಅಡುಗೆಮನೆಯಲ್ಲಿ ಹೇಳಿದ್ದೇ ಮಾತು.

"ತೋರಿಸ್ತೀಯೋ ಇಲ್ವೋ?"

ತೋರಿಸಿದಳು. ಬಟ್ಟೆ ಸುತ್ತಿತ್ತು. ಹೊರಗೆ ಕಾಣುತ್ತಿದ್ದ ಎರಡು ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಬಾತುಕೊಂಡಿದ್ದವು.

"ಕಬ್ಬಿಣದ ಬಾಗಿಲು ಬಡೀತು, ಮೊನ್ನೆ. ಬೆರಳು ಮಡಚೋಕೆ ಬರಲ್ಲ ಅಷ್ಟೇ. ಕ್ಯಾಪ್ಟನ್‌ಗೆ ಹೇಳಿಲ್ಲ ಅತ್ತೆ, ಹೇಳಿದ್ರೆ ಇಳಿಸಿಬಿಡ್ತಾರೆ, ನನ್ನ ವರ್ಷ ತುಂಬಲ್ಲ. ಅಪ್ಪ ಅಷ್ಟೆಲ್ಲಾ ಮಾಡಿ..." ಕೈಯನ್ನು ಮತ್ತೆ ಬೆನ್ನ ಹಿಂದೆ ಮರೆಮಾಡಿದಳು. "ಯಾರಿಗೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮಂಚದಿಂದ ಡೆಲ್ಫಿನ್ ಕೂಗಿದ. ಅವನಿಗೆ ಎಲ್ಲ ಕೇಳಿಸಿತ್ತು.

"ಅಕ್ಕ, ದಾದೋಗೆ ಒಂದು ಫೋನ್ ಮಾಡು. ಬೇರೆ ಯಾರಿಗೂ ಬೇಡ. ಕುಂಪಾರೆಗೆ ಹೇಳಿದ್ರೆ ಸಾಕು, ಅವನು ನೋಡ್ಕೋತಾನೆ."

ನಾನು ಅವನ ಮುಖ ನೋಡಿದೆ. ತಮಾಷೆಗೆ ಹೇಳಿರಲಿಲ್ಲ. ಆ ಹಾಸಿಗೆಯಲ್ಲಿ, ಆ ವಾಸನೆಯಲ್ಲಿ ಮಲಗಿಕೊಂಡು, ಮನಸಾರೆ ಹೇಳಿದ್ದ. ಒಲೆ ಆರಿಸಿದೆ, ಫೋನನ್ನು ಚೀಲಕ್ಕೆ ಹಾಕಿದೆ, ಚಪ್ಪಲಿ ಮೆಟ್ಟಿದೆ.

"ಅಕ್ಕ! ಎಲ್ಲಿಗೆ? ಅಕ್ಕ, ಅವಳ ಹಡಗು ಹೋಗುತ್ತೆ! ಬೇಡ ಅಕ್ಕ!" ಹೆದ್ದಾರಿಯವರೆಗೂ ಅವನ ಕೂಗು ಕೇಳುತ್ತಿತ್ತು.

ಅಟಾರ್ನಿ ಗುಂಬಾನ್ ಕಿಟಕಿ ಮುಚ್ಚುತ್ತಿದ್ದಳು, ಮನೆಗೆ ಹೊರಡುವ ಹೊತ್ತು. ಮೆಟ್ಟಿಲು ಹತ್ತಿ ಬಂದ ನನ್ನನ್ನು ನೋಡಿ ಕೈ ಹಾಗೇ ನಿಲ್ಲಿಸಿದಳು.

"ರೆನಾ," ಅಂದೆ. "ಕೈ."

"ಯಾವಾಗ?"

"ಮೊನ್ನೆ."

ಅವಳು ಚೀಲ ಕೆಳಗಿಟ್ಟು ದೀಪ ಹಾಕಿದಳು, ಮೇಜಿನ ಮೇಲಿನದನ್ನೆಲ್ಲ ತೋಳಿನಿಂದ ಪಕ್ಕಕ್ಕೆ ಸರಿಸಿ ಬಿಳಿ ಹಾಳೆ ಎಳೆದುಕೊಂಡಳು. "ಕೂತ್ಕೋ ಸಲಿಂಗ್. ಕಂಪನಿಗೆ ಚೀಟಿ ಇವತ್ತೇ ಹೋಗ್ಲಿ, ಹಡಗಿನ ಹೆಸರು ಹೇಳು. ಅವಳು ನಿನ್ನ ಮುಖ ನೋಡದೇ ಇರಬಹುದು, ಆಮೇಲೆ. ಗೊತ್ತಲ್ಲ?"

"ಗೊತ್ತು," ಅಂದು ಕೂತೆ. ಚೀಲದೊಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮನೆಯಿಂದಲೋ ಹಡಗಿನಿಂದಲೋ ಅಂತ ನಾನು ನೋಡಲಿಲ್ಲ. ಹಡಗಿನ ಹೆಸರು ಹೇಳಿದೆ.